ಗಣಿತಕ್ಕೆ ಪೆನ್ನು, ಕಾಗದ ಸಾಕೇ?

“ಗಣಿತದಲ್ಲಿ ಸಂಶೋಧನೆ ಮಾಡುವವರಿಗೆ ದುಡ್ಡು ಯಾತಕ್ಕೆ ಸ್ವಾಮಿ? ಅವರಿಗೇನು ಪ್ರಯೋಗಾಲಯವೇ, ರಾಸಾಯನಿಕವೇ, ಊರೂರು ಅಲೆಯುವ ಕ್ಷೇತ್ರಕಾರ್ಯವೇ? ಒಂದು ಪೆನ್ನು, ಒಂದಿಷ್ಟು ಕಾಗದ ಇದ್ದರಾಯಿತು.”

ಈ ಮಾತನ್ನು ಆಡಿದವರು ಓದುಬರಹ ಇಲ್ಲದವರಲ್ಲ. ವಿಶ್ವವಿದ್ಯಾಲಯವೊಂದರ ಆಡಳಿತದಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಪರಿಚಿತರ ಮನೆಯ ಮದುವೆಯೊಂದರಲ್ಲಿ ನಮ್ಮ ಪಕ್ಕದಲ್ಲೇ ಊಟಕ್ಕೆ ಕೂತಿದ್ದರು. ನಮ್ಮ ಆಪಾನ ಮಗಳು ಗಣಿತದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ, ಮೂರು ವರ್ಷ ಕಳೆದರೂ ಒಂದು ಪೈಸೆ ಫೆಲೋಶಿಪ್ ಬಂದಿಲ್ಲ ಎಂದು ನಾವು ಹೇಳಿಕೊಂಡಿದ್ದಕ್ಕೆ ಅವರು ಕೊಟ್ಟ ಉತ್ತರ ಅದು. ಉತ್ತರ ಕೊಟ್ಟು ಬಿರಿಯಾನಿಯ ಕಡೆ ತಿರುಗಿದರು. ನಾವೂ ಸುಮ್ಮನಾದೆವು. ಮದುವೆ ಮನೆಯಲ್ಲಿ ಜಗಳವೇಕೆ? ಅಂದು ನುಂಗಿಕೊಂಡ ಮಾತನ್ನು ಇಂದು ಇಲ್ಲಿ ಬರೆಯುತ್ತಿದ್ದೇವೆ.

ನಾವು ಗಣಿತಜ್ಞರಲ್ಲ. ಉರ್ದು ಶಾಲೆಯಲ್ಲಿ ಪಹಾಡೆ ಕೂಗಿ, ಹೈಸ್ಕೂಲಿನಲ್ಲಿ ಅದನ್ನೇ ಕನ್ನಡದ ಮಗ್ಗಿಯಾಗಿ ಒಪ್ಪಿಸಿ, ಎಸೆಸೆಲ್ಸಿಯಲ್ಲಿ ಹೇಗೋ ದಡ ಸೇರಿದವರು, ಕತೆ ಬರೆದುಕೊಂಡಿರುವವರು. ಪ್ರಮೇಯಗಳ ಬಗ್ಗೆ ಮಾತಾಡುವ ಅರ್ಹತೆ ನಮಗಿಲ್ಲ. ಆದರೆ ಆ ಪ್ರಮೇಯವನ್ನು ಮುಂದಿಟ್ಟುಕೊಂಡು ಕೂತಿರುವ ಹುಡುಗ ಹುಡುಗಿಯರ ಹೊಟ್ಟೆ, ಬಾಡಿಗೆ, ಬಸ್ ಚಾರ್ಜು, ಅವಮಾನ ಇವುಗಳ ಬಗ್ಗೆ ಮಾತಾಡಲು ಗಣಿತ ಗೊತ್ತಿರಬೇಕಾಗಿಲ್ಲ. ಕೂಡುವುದು ಕಳೆಯುವುದು ಗೊತ್ತಿದ್ದರೆ ಸಾಕು.

‘ಪೆನ್ನು, ಕಾಗದ ಸಾಕು’ ಎನ್ನುವವರು ಎರಡನೇ ಮಾತಿಗೆ ರಾಮಾನುಜನ್‌ರನ್ನು ಎಳೆದು ತರುತ್ತಾರೆ. ರಾಮಾನುಜನ್‌ಗೆ ಯಾವ ಫೆಲೋಶಿಪ್ ಇತ್ತು? ಪ್ರತಿಭೆ ಇದ್ದವರು ಬಡತನದಲ್ಲೂ ಮೇಲೆ ಬರುತ್ತಾರೆ ಎನ್ನುತ್ತಾರೆ. ಈ ಮಹನೀಯರು ರಾಮಾನುಜನ್ ಕತೆಯನ್ನು ಅರ್ಧ ಮಾತ್ರ ಓದಿದ್ದಾರೆ. ಇನ್ನರ್ಧವನ್ನು ನಾವು ಹೇಳುತ್ತೇವೆ, ಕೇಳಿ.

ಮೊದಲನೆಯದಾಗಿ, ರಾಮಾನುಜನ್‌ಗೆ ಕಾಗದವೇ ಸಾಕಾಗುತ್ತಿರಲಿಲ್ಲ. ಕಾಗದ ಕೊಳ್ಳುವ ಶಕ್ತಿಯಿಲ್ಲದೆ ಅವರು ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಮೊಣಕೈಯಿಂದ ಒರೆಸಿ, ಉತ್ತರವನ್ನಷ್ಟೇ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಹೇಗೆ ಸಾಧಿಸಿದರು ಎಂಬುದು ಸ್ಲೇಟಿನ ಜೊತೆಗೇ ಅಳಿಸಿಹೋಯಿತು. ಆ ಉತ್ತರಗಳಿಗೆ ಸಾಧನೆ ಹುಡುಕುತ್ತಾ ಗಣಿತಜ್ಞರು ದಶಕಗಟ್ಟಲೆ ದುಡಿಯಬೇಕಾಯಿತು. ನಮ್ಮ ಮೈಸೂರು ವಿಶ್ವವಿದ್ಯಾಲಯದ ಭಾರ್ಗವ ಮತ್ತು ಅಡಿಗರು ಅಮೆರಿಕದ ಬ್ರೂಸ್ ಬರ್ನ್ಟ್ ಜೊತೆ ಸೇರಿ ಎರಡನೇ ನೋಟ್‌ಬುಕ್ಕಿನ ಹದಿನಾರನೇ ಅಧ್ಯಾಯವೊಂದರ ಮೇಲೆ ಬರೆದ ಕೃತಿಯನ್ನು 1985ರಲ್ಲಿ ಅಮೆರಿಕದ ಗಣಿತ ಸಂಘ ಪ್ರಕಟಿಸಿತು. ಬಡತನ ಒರೆಸಿ ಹಾಕಿದ್ದನ್ನು ಮತ್ತೆ ಬರೆಯುವುದು ಎಷ್ಟು ದೊಡ್ಡ ಕೆಲಸ ನೋಡಿ!

ಎರಡನೆಯದಾಗಿ, ರಾಮಾನುಜನ್‌ಗೆ ಫೆಲೋಶಿಪ್ ಇತ್ತು. 1912ರಲ್ಲಿ ಅವರು ಮದ್ರಾಸ್ ಬಂದರು ಕಚೇರಿಯಲ್ಲಿ ತಿಂಗಳಿಗೆ 30 ರೂಪಾಯಿ ಸಂಬಳದ ಗುಮಾಸ್ತರಾಗಿದ್ದರು. 1913ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಅವರಿಗೆ ತಿಂಗಳಿಗೆ 75 ರೂಪಾಯಿಯಂತೆ ಎರಡು ವರ್ಷದ ಸಂಶೋಧನಾ ವೇತನ ಮಂಜೂರು ಮಾಡಿತು. ಅವರ ಬಳಿ ಪದವಿ ಇರಲಿಲ್ಲ, ಇಂಟರ್‌ಮೀಡಿಯೆಟ್ಟಿಗೆ ಸಮನಾದ ಪರೀಕ್ಷೆಯಲ್ಲೇ ಫೇಲಾದವರು. ನಿಯಮ ನೋಡಿದ್ದರೆ ಕೊಡುವಂತಿರಲಿಲ್ಲ. ಆದರೂ ಕೊಟ್ಟರು. ಮೂರು ತಿಂಗಳಿಗೊಂದು ವರದಿ ಕೊಡು, ಮಿಕ್ಕಂತೆ ನಿನ್ನ ಕೆಲಸ ನೀನು ನೋಡಿಕೋ ಎಂಬಂತೆ ಬಿಟ್ಟರು. ಅದಾದ ಮರುವರ್ಷ ಅವರು ಕೇಂಬ್ರಿಜ್‌ಗೆ ಹೋದರು.

ಈಗ ಕೂಡಿ ಕಳೆಯೋಣ. 1913ರಲ್ಲಿ, ಅದೂ ಪರದೇಶಿ ಸರಕಾರದ ಕಾಲದಲ್ಲಿ, ಗಣಿತದ ಸಂಶೋಧಕನಿಗೆ ಸಿಕ್ಕಿದ್ದು ಗುಮಾಸ್ತನ ಸಂಬಳದ ಎರಡೂವರೆ ಪಟ್ಟು. ಇಂದು? ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಗಿಟ್ಟಿಸಿದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಇದೆ. ಒಳ್ಳೆಯದು. ಅದು ಸಿಗದವರು ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿದ್ದರೆ ಸಿಗುವುದು 8,000 ರೂಪಾಯಿ. ಅದೇ ಕೇಂದ್ರ ಸರಕಾರದ ಅತಿ ಕೆಳಗಿನ ನೌಕರನಿಗೆ ಏಳನೇ ವೇತನ ಆಯೋಗ 2016ರಿಂದ ಗೊತ್ತುಪಡಿಸಿದ ಮೂಲ ವೇತನವೇ 18,000. ಅಂದರೆ ಎರಡೂವರೆ ಪಟ್ಟು ಇದ್ದದ್ದು ಅರ್ಧಕ್ಕಿಂತ ಕೆಳಗಿಳಿದಿದೆ. ಇನ್ನು ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಇರುವವರಿಗೆ ಆ 8,000ವೂ ಇಲ್ಲ. ನಮ್ಮ ಹಳ್ಳಿಯ, ಸಣ್ಣ ಊರಿನ, ಕನ್ನಡ ಮತ್ತು ಉರ್ದು ಶಾಲೆಯಲ್ಲಿ ಓದಿದ ಮಕ್ಕಳು ಹೆಚ್ಚಾಗಿ ಸೇರುವುದು ಅಲ್ಲಿಗೇ ಎಂಬುದನ್ನು ಬೇರೆ ಹೇಳಬೇಕೇ?

ಹಾಗಾದರೆ ಜೆಆರ್‌ಎಫ್ ತೆಗೆದುಕೊಳ್ಳಲಿ ಎನ್ನಬಹುದು. ಗಣಿತಕ್ಕೆ ನಡೆಯುವ ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯ ಪ್ರಶ್ನೆಪತ್ರಿಕೆ ಬರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಹಿಂದಿ ಮಾಧ್ಯಮದಲ್ಲಿ ಓದಿದವನಿಗೆ ಒಂದು ಊರುಗೋಲು ಇದೆ. ಕನ್ನಡದಲ್ಲಿ, ಉರ್ದುವಿನಲ್ಲಿ ಓದಿದವನು ಬರಿಗಾಲಲ್ಲಿ ಓಡಬೇಕು. ಆಮೇಲೆ ಇಬ್ಬರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿ ‘ಮೆರಿಟ್’ ಎಂದು ಹೇಳುವುದು. ಇದೆಂಥ ನ್ಯಾಯ?

ಈ ಓಟದಲ್ಲಿ ಕೂದಲೆಳೆಯಲ್ಲಿ ಹಿಂದೆ ಬಿದ್ದವರನ್ನು ಹಿಡಿದುಕೊಳ್ಳಲು ಒಂದು ಆಸರೆ ಇತ್ತು. ಸಾಚಾರ್ ವರದಿಯ ನಂತರ, 2009ರಲ್ಲಿ ಆರಂಭವಾದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್. ಅದು ಮುಸ್ಲಿಮರಿಗೆ ಮಾತ್ರ ಇದ್ದದ್ದಲ್ಲ. ಕ್ರೈಸ್ತರು, ಸಿಖ್ಖರು, ಬೌದ್ಧರು, ಪಾರ್ಸಿಗಳು, ಜೈನರು ಎಲ್ಲರಿಗೂ ಇತ್ತು. 2022ರ ಡಿಸೆಂಬರಿನಲ್ಲಿ ಸಂಸತ್ತಿನಲ್ಲಿ ಸರಕಾರ ಒಂದು ಉತ್ತರ ಕೊಟ್ಟು ಅದನ್ನು ನಿಲ್ಲಿಸಿತು. ಬೇರೆ ಯೋಜನೆಗಳ ಜೊತೆ ಇದು ಹೊಂದಿಕೊಂಡು ಬರುತ್ತದೆ, ಆದ್ದರಿಂದ ಬೇಡ ಎಂಬುದು ಕಾರಣ. ಒಬ್ಬ ವಿದ್ಯಾರ್ಥಿ ಒಂದೇ ಸಲಕ್ಕೆ ಎರಡು ಫೆಲೋಶಿಪ್ ತೆಗೆದುಕೊಳ್ಳುವಂತಿಲ್ಲ ಎಂಬ ನಿಯಮ ಮೊದಲಿನಿಂದಲೂ ಇರುವಾಗ ಎರಡೆರಡು ಸಲ ಹಣ ಹೋಗುವ ಮಾತೆಲ್ಲಿ ಬಂತು? ಒಂದೇ ಮನೆಗೆ ಎರಡು ಬಾಗಿಲು ಇದೆ ಎಂದು ಒಂದಕ್ಕೆ ಗೋಡೆ ಕಟ್ಟಿದ ಹಾಗಾಯಿತು. ಇನ್ನೊಂದು ಬಾಗಿಲಲ್ಲಿ ನೂಕುನುಗ್ಗಲು ಇದೆ ಎಂಬುದನ್ನು ನೋಡಲಿಲ್ಲ. ಮೊದಲೇ ಆಯ್ಕೆಯಾಗಿದ್ದವರಿಗೆ ಅವಧಿ ಮುಗಿಯುವವರೆಗೆ ಕೊಡುತ್ತೇವೆ ಎಂದರು. ಅವರೂ ತಿಂಗಳುಗಟ್ಟಲೆ ಹಣ ಬಾರದೆ ದಿಲ್ಲಿಗೆ ಅರ್ಜಿ ಬರೆಯುತ್ತಾ ಕೂರಬೇಕಾಯಿತು.

ನಮ್ಮ ಆಪಾನ ಮಗಳು ನೆಟ್ ಪಾಸು ಮಾಡಿದ್ದಳು, ಜೆಆರ್‌ಎಫ್ ಪಟ್ಟಿಗೆ ಮಾತ್ರ ಏರಲಿಲ್ಲ. ಪಿಎಚ್‌ಡಿಗೆ ಹೆಸರು ನೋಂದಾಯಿಸಿದ್ದು 2023ರಲ್ಲಿ. ಬಾಗಿಲಿಗೆ ಗೋಡೆ ಕಟ್ಟಿ ಸಿಮೆಂಟು ಇನ್ನೂ ಒಣಗಿರಲಿಲ್ಲ! ಈಗ ಅವಳು ವಾರದಲ್ಲಿ ನಾಲ್ಕು ದಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಸಂಜೆ ಪಿಯುಸಿ ಮಕ್ಕಳಿಗೆ ಟ್ಯೂಷನ್. ಸಂಶೋಧನೆ ರಾತ್ರಿ ಹತ್ತರ ಮೇಲೆ. ವಿಶ್ವವಿದ್ಯಾಲಯದ ಹೆಸರನ್ನು ನಾವು ಇಲ್ಲಿ ಬರೆಯುವುದಿಲ್ಲ. ನಮಗೆ ಭಯವೆಂದಲ್ಲ, ಬರೆದರೆ ಏಟು ಬೀಳುವುದು ನಮಗಲ್ಲ, ಅವಳಿಗೆ.

ಯಾಕೆಂದರೆ ಪಿಎಚ್‌ಡಿ ಎಂಬುದು ಸಹಿಯ ಮೇಲೆ ನಿಂತಿರುವ ವ್ಯವಹಾರ. ಹಾಜರಿಗೆ ಸಹಿ, ರಜೆಗೆ ಸಹಿ, ಪ್ರಗತಿ ವರದಿಗೆ ಸಹಿ, ಹಾಸ್ಟೆಲಿಗೆ ಸಹಿ, ಕೊನೆಗೆ ಪ್ರಬಂಧಕ್ಕೆ ಸಹಿ. ಸಹಿ ಮಾಡುವ ಕೈ ಒಂದೇ, ಗೈಡ್ ಅವರದು. ಆ ಕೈ ಒಳ್ಳೆಯದಾಗಿದ್ದರೆ ವಿದ್ಯಾರ್ಥಿಯ ಪುಣ್ಯ. ಇಲ್ಲದಿದ್ದರೆ? ಅವಳ ಮೊದಲ ಗೈಡ್ ಕೆಟ್ಟವರಾಗಿರಲಿಲ್ಲ. ಆದರೆ ವಿಭಾಗದಲ್ಲಿ ಒಂಬತ್ತು ಹುದ್ದೆಗಳಿರುವ ಕಡೆ ಇದ್ದವರು ಮೂರು ಜನ. ನ್ಯಾಕ್ ಕಡತ, ಪರೀಕ್ಷಾ ಕೆಲಸ, ಸೆನೆಟ್ ಸಭೆ ಎಲ್ಲ ಅವರ ತಲೆಯ ಮೇಲೆ. ಅವರ ತಲೆಯಿಂದ ಜಾರಿದ್ದೆಲ್ಲ ಇವಳ ತಲೆಯ ಮೇಲೆ. ಒಂದು ವರ್ಷ ಅವಳು ಬರೆದದ್ದರಲ್ಲಿ ಸಮೀಕರಣಗಳಿಗಿಂತ ಅಂಕಪಟ್ಟಿಯ ಕಾಲಮ್ಮುಗಳೇ ಹೆಚ್ಚು. ಆಮೇಲೆ ಅವರು ನಿವೃತ್ತರಾದರು. ಮತ್ತೊಬ್ಬ ಗೈಡ್ ಸಿಗಲು ಏಳು ತಿಂಗಳು. ‘ನಿನ್ನ ವಿಷಯ ನನ್ನದಲ್ಲಮ್ಮ’ ಎಂದರು ಒಬ್ಬರು. ‘ನನ್ನಲ್ಲಿ ಜಾಗ ಇಲ್ಲ’ ಎಂದರು ಇನ್ನೊಬ್ಬರು. ಅದೂ ಸುಳ್ಳಲ್ಲ. ಯುಜಿಸಿಯ 2022ರ ನಿಯಮದಂತೆ ಪ್ರೊಫೆಸರಿಗೆ ಎಂಟು, ಸಹ ಪ್ರಾಧ್ಯಾಪಕರಿಗೆ ಆರು, ಸಹಾಯಕ ಪ್ರಾಧ್ಯಾಪಕರಿಗೆ ನಾಲ್ಕು ವಿದ್ಯಾರ್ಥಿಗಳ ಮಿತಿ ಇದೆ. ಮಿತಿ ಸರಿಯಾದದ್ದೇ. ಆದರೆ ಹುದ್ದೆಗಳನ್ನು ಖಾಲಿ ಇಟ್ಟುಕೊಂಡು ಮಿತಿಯನ್ನು ಮಾತ್ರ ಪಾಲಿಸಿದರೆ ವಿದ್ಯಾರ್ಥಿ ಎಲ್ಲಿಗೆ ಹೋಗಬೇಕು?

ಗಣಿತದ ಸಂಶೋಧನೆಗೆ ಇನ್ನೊಂದು ಕಷ್ಟವಿದೆ, ಅದು ಬೇರೆ ವಿಷಯದವರಿಗೆ ಅಷ್ಟಾಗಿ ಇಲ್ಲ. ಅದನ್ನು ಅವಳ ಬಾಯಿಂದಲೇ ಕೇಳಿದೆವು. “ಮಾಮೂ, ಕೆಮಿಸ್ಟ್ರಿಯವರ ಪ್ರಯೋಗ ಕೆಟ್ಟರೆ ಕೆಟ್ಟ ಪ್ರಯೋಗದ ಲೆಕ್ಕವಾದರೂ ಉಳಿಯುತ್ತೆ. ನಮ್ಮದರಲ್ಲಿ ಎರಡು ವರ್ಷದ ಕೆಲಸದಲ್ಲಿ ಒಂದು ಸಾಲು ತಪ್ಪಿದರೆ ಕೈಯಲ್ಲಿ ಉಳಿಯೋದು ರದ್ದಿ. ಆರು ತಿಂಗಳಿಗೊಮ್ಮೆ ಸಮಿತಿ ಮುಂದೆ ನಿಂತು ಏನು ಮಾಡಿದೆ ಅಂತ ಹೇಳಬೇಕು. ‘ಈ ದಾರಿ ಮುಚ್ಚಿದೆ ಅಂತ ಗೊತ್ತಾಯ್ತು ಸರ್’ ಅಂದರೆ ನಗ್ತಾರೆ.”

ಆ ನಗುವಿಗೆ ಹೆದರಿ ಮಕ್ಕಳು ಏನು ಮಾಡುತ್ತಾರೆ? ಕಷ್ಟದ ಪ್ರಶ್ನೆಗಳನ್ನು ಬಿಟ್ಟುಬಿಡುತ್ತಾರೆ. ಯಾರೋ ಬರೆದ ಲೇಖನದಲ್ಲಿ ಒಂದು ಸಂಖ್ಯೆ ಬದಲಿಸಿ ತಮ್ಮದೊಂದು ಲೇಖನ ಮಾಡುತ್ತಾರೆ. 2016ರ ನಿಯಮ ಪ್ರಬಂಧ ಸಲ್ಲಿಸುವ ಮೊದಲು ಒಂದು ಲೇಖನ ಪ್ರಕಟವಾಗಲೇಬೇಕು ಎಂದಿತು, ಎಲ್ಲ ವಿಷಯಕ್ಕೂ ಒಂದೇ ಅಳತೆಗೋಲು. ಒಳ್ಳೆಯ ಗಣಿತ ಪತ್ರಿಕೆಗಳಲ್ಲಿ ಸಾಲು ಸಾಲು ಪರಿಶೀಲಿಸಿ ಉತ್ತರ ಬರಲು ವರ್ಷ ಹಿಡಿಯುವುದುಂಟು. ಕಾಯಲಾಗದವರಿಗೆ ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕುವ ಅಂಗಡಿಗಳು ಎದ್ದವು. 2018ರ ಮೇ ತಿಂಗಳಲ್ಲಿ ಯುಜಿಸಿ ತಾನೇ ಒಪ್ಪಿದ್ದ ಪಟ್ಟಿಯಿಂದ 4,305 ಪತ್ರಿಕೆಗಳನ್ನು ತೆಗೆದುಹಾಕಬೇಕಾಯಿತು! 2022ರ ನಿಯಮದಲ್ಲಿ ಆ ಕಡ್ಡಾಯವನ್ನೂ ಕೈಬಿಟ್ಟರು. ಆದರೂ ಎಷ್ಟೋ ಕಡೆ ಅದು ವಿಶ್ವವಿದ್ಯಾಲಯದ ಸ್ವಂತ ನಿಯಮವಾಗಿ ಇನ್ನೂ ಉಳಿದಿದೆ. ಕಳಪೆ ಸಂಶೋಧನೆ ಎಂದು ಮೂಗು ಮುರಿಯುವವರು ಅದನ್ನು ಬೆಳೆಸಿದ ಹೊಲ ಯಾರದು ಎಂದು ಕೇಳಿಕೊಳ್ಳಬೇಕು.

ಇನ್ನು ‘ಗಣಿತ ಒಂಟಿ ಮನುಷ್ಯನ ಕೆಲಸ’ ಎಂಬ ಮಾತು. ಆಂಡ್ರ್ಯೂ ವೈಲ್ಸ್ ಏಳು ವರ್ಷ ಯಾರಿಗೂ ಹೇಳದೆ ಫರ್ಮಾನ ಪ್ರಮೇಯದ ಮೇಲೆ ದುಡಿದರು ಎಂದು ಹೇಳುತ್ತಾರೆ. ನಿಜ. ಆದರೆ ಆ ಏಳು ವರ್ಷವೂ ಅವರು ಪ್ರೊಫೆಸರು, ತಿಂಗಳ ಸಂಬಳ ನಿಂತಿರಲಿಲ್ಲ. 1993ರಲ್ಲಿ ಅವರು ಪ್ರಕಟಿಸಿದ ಸಾಧನೆಯಲ್ಲಿ ಒಂದು ಬಿರುಕು ಕಾಣಿಸಿಕೊಂಡಿತು. ಮರುವರ್ಷ ಅದನ್ನು ತುಂಬಿದ್ದು ರಿಚರ್ಡ್ ಟೇಲರ್ ಜೊತೆ ಸೇರಿ. ಈ ಟೇಲರ್ ಯಾರು? ಹಿಂದೆ ವೈಲ್ಸ್ ಕೈಕೆಳಗೇ ಪಿಎಚ್‌ಡಿ ಮಾಡಿದವರು. ಒಂಟಿತನದ ಅತಿ ದೊಡ್ಡ ಕತೆಯೂ ಕೊನೆಗೆ ಮುಗಿದದ್ದು ಗುರು ಶಿಷ್ಯರು ಒಟ್ಟಿಗೆ ಕೂತಾಗಲೇ.

ಗಣಿತ ಹುಟ್ಟುವುದು ಕರಿಹಲಗೆಯ ಮುಂದೆ, ಕ್ಯಾಂಟೀನಿನ ಮೇಜಿನ ಮೇಲೆ. ಆ ಮೇಜಿಗೆ ಯಾರನ್ನು ಕರೆಯುತ್ತಾರೆ, ಯಾರನ್ನು ಕರೆಯುವುದಿಲ್ಲ ಎಂಬುದೇ ಪ್ರಶ್ನೆ. ಅಮೆರಿಕದ ವಿವಿಯನ್ ಮಲೋನ್-ಮೇಯ್ಸ್ ಎಂಬ ಕಪ್ಪು ಮಹಿಳೆ 1961ರಲ್ಲಿ ತಮ್ಮದೇ ಊರಿನ ಬೇಲರ್ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದರು. ಬಣ್ಣದ ಕಾರಣಕ್ಕೆ ಸೇರಿಸಿಕೊಳ್ಳಲಿಲ್ಲ. ಟೆಕ್ಸಾಸ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಆರ್. ಎಲ್. ಮೂರ್ ಎಂಬ ಖ್ಯಾತ ಗಣಿತಜ್ಞ ತನ್ನ ತರಗತಿಗೆ ಕಪ್ಪು ವಿದ್ಯಾರ್ಥಿಗಳನ್ನು ಬಿಟ್ಟುಕೊಳ್ಳುತ್ತಿರಲಿಲ್ಲ. ಬೋಧನಾ ಸಹಾಯಕಿಯ ಕೆಲಸವೂ ಆಕೆಗೆ ಸಿಗಲಿಲ್ಲ. ಗೈಡ್ ಮತ್ತು ಸಹಪಾಠಿಗಳು ಗಣಿತ ಚರ್ಚಿಸಲು ಹೋಗುತ್ತಿದ್ದ ಕಾಫಿ ಅಂಗಡಿ ಬಿಳಿಯರಿಗೆ ಮಾತ್ರ ಮೀಸಲು. ಆಕೆ ಹೊರಗೆ. ಆಕೆಯ ಬಳಿ ಪೆನ್ನು ಇರಲಿಲ್ಲವೇ? ಕಾಗದ ಇರಲಿಲ್ಲವೇ? ಇಷ್ಟೆಲ್ಲವನ್ನೂ ದಾಟಿ ಆಕೆ 1966ರಲ್ಲಿ ಪಿಎಚ್‌ಡಿ ಪಡೆದರು. ವಿದ್ಯಾರ್ಥಿನಿಯಾಗಿ ಬೇಡವೆಂದ ಬೇಲರ್ ಅದೇ ವರ್ಷ ಅಧ್ಯಾಪಕಿಯಾಗಿ ಕರೆದುಕೊಂಡಿತು. ಆದರೆ ದಾಟಲಾಗದೆ ಹಿಂದಿರುಗಿದವರ ಪಟ್ಟಿ ಎಲ್ಲಿದೆ?

ನಮ್ಮಲ್ಲಿ ಅಂಥ ಬೋರ್ಡು ತೂಗುಹಾಕುವುದಿಲ್ಲ. ನಾವು ಸುಸಂಸ್ಕೃತರಲ್ಲವೇ! ಕ್ಯಾಂಪಸ್ಸಿನ ಸುತ್ತ ಬಾಡಿಗೆ ಕೋಣೆ ಕೇಳಿದರೆ ಹೆಸರು ಕೇಳುವವರೆಗೆ ಖಾಲಿ ಇರುತ್ತದೆ, ಹೆಸರು ಕೇಳಿದ ಮೇಲೆ ‘ನೆಂಟರು ಬರುತ್ತಾರೆ’ ಎನ್ನುತ್ತಾರೆ. ವಿಭಾಗದ ಚಹಾಕ್ಕೆ ಹುಡುಗರನ್ನು ಕರೆಯುತ್ತಾರೆ, ಹುಡುಗಿ ತಪ್ಪು ತಿಳಿದಾಳು ಎಂದು ಬಿಡುತ್ತಾರೆ. ದಲಿತ ಹುಡುಗನನ್ನು ‘ಮೀಸಲಾತಿಯವನು’ ಎಂಬ ಒಂದೇ ಪದದಲ್ಲಿ ಹೊರಗಿಡುತ್ತಾರೆ. ಗಣಿತಕ್ಕೆ ಜಾತಿಯಿಲ್ಲ, ಧರ್ಮವಿಲ್ಲ ಎಂಬುದು ನೂರಕ್ಕೆ ನೂರು ಸತ್ಯ. ಆದರೆ ಗಣಿತ ವಿಭಾಗದಲ್ಲಿ ಕೂತಿರುವುದು ಗಣಿತವಲ್ಲ, ಮನುಷ್ಯರು.

ಎಲ್ಲ ಕಡೆ ಹೀಗೇ ಇದೆ ಎಂದು ನಾವು ಹೇಳುತ್ತಿಲ್ಲ. ತಮ್ಮ ಜೇಬಿನಿಂದ ಪರೀಕ್ಷಾ ಶುಲ್ಕ ಕಟ್ಟಿದ ಗೈಡುಗಳಿದ್ದಾರೆ, ಶಿಷ್ಯನ ತಪ್ಪು ಸಾಲನ್ನು ಹುಡುಕಲು ರಾತ್ರಿ ನಿದ್ದೆಗೆಟ್ಟ ಗುರುಗಳಿದ್ದಾರೆ. ಆದರೆ ಒಳ್ಳೆಯವರು ಸಿಕ್ಕರೆ ಬದುಕು, ಸಿಗದಿದ್ದರೆ ನಿನ್ನ ಹಣೆಬರಹ ಎನ್ನುವುದಾದರೆ ಅದಕ್ಕೆ ವ್ಯವಸ್ಥೆ ಎಂದು ಹೆಸರೇಕೆ? ಲಾಟರಿ ಎನ್ನೋಣ.

ಸರಕಾರವನ್ನು, ವಿಶ್ವವಿದ್ಯಾಲಯವನ್ನು ಬೈದು ಕೈತೊಳೆದುಕೊಳ್ಳಲು ನಾವು ಸಿದ್ಧರಿಲ್ಲ. ನಮ್ಮ ಮನೆಯನ್ನೂ ಒಮ್ಮೆ ನೋಡಿಕೊಳ್ಳೋಣ. ನಮ್ಮ ಸಭೆಗಳಲ್ಲಿ ಭಾಷಣಕಾರರು ಎದ್ದು ನಿಂತರೆ ಅಲ್-ಖ್ವಾರಿಝ್ಮಿಯ ಹೆಸರು ಬಾರದೆ ಕೂರುವುದಿಲ್ಲ. ಬೀಜಗಣಿತ ಕೊಟ್ಟವರು ನಾವು ಎಂದರೆ ಸಭಿಕರಿಗೂ ಖುಷಿ. ಆದರೆ ಆತನ ಅನ್ನದ ಚಿಂತೆಯನ್ನು ಬಗ್ದಾದಿನ ಖಲೀಫ ಮಾಮೂನ್ ವಹಿಸಿಕೊಂಡಿದ್ದ ಎಂಬುದನ್ನು ಯಾರೂ ಹೇಳುವುದಿಲ್ಲ. ಉಮರ್ ಖಯ್ಯಾಮ್ ಸುಮಾರು 1070ರ ಹೊತ್ತಿಗೆ ಬರೆದ ಬೀಜಗಣಿತದ ಗ್ರಂಥದ ಮುನ್ನುಡಿಯಲ್ಲಿ, ಕಾಲದ ಕಷ್ಟಗಳಿಂದಾಗಿ ಈ ಕೆಲಸಕ್ಕೆ ಮನಸ್ಸು ಕೊಡಲಾಗಲಿಲ್ಲವೆಂದು ನೊಂದುಕೊಂಡು, ಕೊನೆಗೆ ಸಮರ್‌ಕಂದಿನ ನ್ಯಾಯಾಧೀಶ ಅಬೂ ತಾಹಿರ್ ಆಸರೆ ಕೊಟ್ಟಿದ್ದನ್ನು ಕೃತಜ್ಞತೆಯಿಂದ ನೆನೆದಿದ್ದಾನೆ. ಒಂಬೈನೂರು ವರ್ಷಕ್ಕೂ ಹಿಂದಿನ ಸಂಶೋಧಕನ ಅಳಲು ಅದು! ನಮ್ಮಲ್ಲಿ ಖಯ್ಯಾಮನ ಹೆಸರು ಹೇಳುವವರು ಬಹಳ, ಅಬೂ ತಾಹಿರ್ ಆಗುವವರು ಎಷ್ಟು ಮಂದಿ?

ಊರಿಗೊಂದು ಶಾದಿಮಹಲ್ ಎದ್ದಿದೆ. ಅದರ ಮಾರ್ಬಲ್ಲಿಗೆ ಹೋದ ದುಡ್ಡಿನ ಒಂದು ಪಾಲು ಜಿಲ್ಲೆಯ ಇಬ್ಬರು ಸಂಶೋಧಕರನ್ನು ಐದು ವರ್ಷ ಸಾಕುತ್ತಿತ್ತು. ಮರ್ಯಮ್ ಮಿರ್ಝಾಖಾನಿ 2014ರಲ್ಲಿ ಗಣಿತದ ಅತಿ ದೊಡ್ಡ ಗೌರವವಾದ ಫೀಲ್ಡ್ಸ್ ಪದಕ ಪಡೆದ ಮೊದಲ ಮಹಿಳೆಯಾದಾಗ ನಾವೆಲ್ಲ ಪತ್ರಿಕೆಗಳಲ್ಲಿ ಆಕೆಯ ಫೋಟೋ ನೋಡಿ ಹೆಮ್ಮೆಪಟ್ಟೆವು. ಅದೇ ನಾವು, ನಮ್ಮ ಮನೆಯ ಹುಡುಗಿ ಇಪ್ಪತ್ತೇಳಾದರೂ ಇನ್ನೂ ಓದುತ್ತಿದ್ದಾಳೆ ಎಂದರೆ ‘ಇನ್ನೂ ಎಷ್ಟು ದಿನ? ಲೆಕ್ಕ ಮಾಡಿ ಏನು ಮಾಡುತ್ತಾಳೆ?’ ಎಂದು ಆಪಾನನ್ನು ಕೇಳುತ್ತೇವೆ. ಹೌದು, ಹಾಗೆ ಕೇಳಿದವರಲ್ಲಿ ಈ ಲೇಖನ ಬರೆಯುತ್ತಿರುವ ನಾವೂ ಒಬ್ಬರು. ಅದನ್ನು ಮುಚ್ಚಿಟ್ಟು ಬರೆದರೆ ಈ ಬರಹಕ್ಕೆ ಬೆಲೆಯಿಲ್ಲ.

ನಾವು ಕೇಳುವುದು ಬೆಟ್ಟದಷ್ಟಲ್ಲ. ರಾಜ್ಯದ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ಸೇರಿಸಿಕೊಂಡ ಪ್ರತಿಯೊಬ್ಬರಿಗೂ, ಯಾವ ಜಾತಿ ಧರ್ಮದವರೇ ಆಗಲಿ, ಬದುಕಲು ಸಾಕಾಗುವಷ್ಟು ಹಣ ತಿಂಗಳ ಮೊದಲ ವಾರದಲ್ಲಿ ಕೈಸೇರಬೇಕು, ಕೊಡಲಾಗದಿದ್ದರೆ ಸೇರಿಸಿಕೊಳ್ಳಬೇಡಿ. ಆಝಾದ್ ಫೆಲೋಶಿಪ್ ಮತ್ತೆ ಆರಂಭವಾಗಬೇಕು. ನೆಟ್ ಪ್ರಶ್ನೆಪತ್ರಿಕೆ ಹಿಂದಿಯಲ್ಲಿ ಬರಬಹುದಾದರೆ ಕನ್ನಡದಲ್ಲೂ ಬರಲಿ. ಖಾಲಿ ಹುದ್ದೆಗಳನ್ನು ತುಂಬಿ. ಗೈಡ್ ನಿವೃತ್ತರಾಗುವ ಮೊದಲೇ ಎರಡನೇ ಗೈಡ್ ಹೆಸರು ದಾಖಲಾಗಿರಲಿ. ಸಹಿಗೆ ಹದಿನೈದು ದಿನದ ಗಡುವಿರಲಿ. ‘ಈ ದಾರಿ ಮುಚ್ಚಿದೆ’ ಎಂದು ಕಂಡುಕೊಂಡದ್ದೂ ಕೆಲಸವೇ ಎಂದು ಸಮಿತಿ ಒಪ್ಪಲಿ. ನಮ್ಮ ಜಮಾಅತ್‌ಗಳು, ಅನುಕೂಲಸ್ಥರು ಜಿಲ್ಲೆಗೊಂದು ಸಂಶೋಧನಾ ನಿಧಿ ಮಾಡಲಿ. ಅದಕ್ಕೆ ದಾನಿಗಳ ಹೆಸರನ್ನು ಮಾರ್ಬಲ್ಲಿನಲ್ಲೇ ಕೆತ್ತಿಸಿಕೊಳ್ಳಲಿ, ನಮ್ಮ ಅಭ್ಯಂತರವಿಲ್ಲ.

ಕಳೆದ ವಾರ ಆಪಾನ ಮನೆಗೆ ಹೋಗಿದ್ದೆವು. ರಾತ್ರಿ ಹತ್ತೂವರೆ. ಟ್ಯೂಷನ್ ಮಕ್ಕಳು ಬಿಟ್ಟುಹೋದ ಹಳೆಯ ನೋಟ್‌ಬುಕ್ಕುಗಳ ಖಾಲಿ ಹಾಳೆಗಳನ್ನು ಅವಳು ಹರಿದು ಜೋಡಿಸಿ ಹೊಲಿಯುತ್ತಿದ್ದಳು. ಏನಿದು ಎಂದು ಕೇಳಿದೆವು. “ಕಚ್ಚಾ ಕೆಲಸಕ್ಕೆ ಮಾಮೂ, ಕಾಗದ ಬಹಳ ಖರ್ಚಾಗುತ್ತೆ” ಎಂದಳು.

ಮದುವೆ ಮನೆಯಲ್ಲಿ ಸಿಕ್ಕ ಆ ಹಿರಿಯರು ಈ ಪತ್ರಿಕೆ ಓದುತ್ತಾರೋ ಇಲ್ಲವೋ ಗೊತ್ತಿಲ್ಲ. ಓದಿದರೆ ಇಷ್ಟು ತಿಳಿಸುತ್ತೇವೆ: ಪೆನ್ನು ಇದೆ ಸ್ವಾಮಿ. ಕಾಗದವನ್ನು ಅವಳೇ ಹೊಲಿದುಕೊಳ್ಳುತ್ತಾಳೆ. ಮಿಕ್ಕದ್ದು ನಿಮ್ಮ, ನಮ್ಮ ಲೆಕ್ಕದಲ್ಲಿ ಬಾಕಿ ಇದೆ.